ಅಪರೂಪದ ವಿಕಿರಣಶೀಲ ಕ್ಷಯವನ್ನು ಹುಡುಕುವ ಮೊದಲು ಹಿನ್ನೆಲೆಯನ್ನು ತಗ್ಗಿಸುವ ಬಗೆ

ಧಾರವಾಡದ ಕಾಲೇಜು ಪ್ರಯೋಗಾಲಯದಲ್ಲಿ ವಿಕಿರಣವನ್ನು ಎಣಿಸುವ ಸೋಡಿಯಂ ಅಯೋಡೈಡ್ ಡಿಟೆಕ್ಟರನ್ನು ಬರಿದಾಗಿಯೇ ಚಾಲನೆಗೊಳಿಸಿದರೂ ಎಣಿಕೆ ಏರುತ್ತಲೇ ಹೋಗುತ್ತದೆ, ಏಕೆಂದರೆ ಗೋಡೆಯ ಕಲ್ಲು, ಗಾಳಿಯಲ್ಲಿನ ವಿಕಿರಣಶೀಲ ಅನಿಲ ರೇಡಾನ್ ಮತ್ತು ಆಕಾಶದಿಂದಿಳಿಯುವ ಸೂಕ್ಷ್ಮ ಕಣಗಳಾದ ಮ್ಯೂಯಾನ್‌ಗಳು ಎಂದೂ ವಿರಮಿಸುವುದಿಲ್ಲ. ಮೊದಲು ಈ ಹಿನ್ನೆಲೆ ವಿಕಿರಣವನ್ನು ಕನಿಷ್ಠ 24 ಗಂಟೆ ದಾಖಲಿಸಿರಿ.

ಬಳಿಕ ಗೊಬ್ಬರದ ಅಂಗಡಿಯಿಂದ ತಂದ ಪೊಟ್ಯಾಷನ್ನು ಡಿಟೆಕ್ಟರಿನ ಬಳಿ ಇರಿಸಿರಿ. ಅದರಲ್ಲಿನ ವಿಕಿರಣಶೀಲ ಪೊಟ್ಯಾಸಿಯಂ-40ರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಕಾಲ) ಸುಮಾರು 125 ಕೋಟಿ ವರ್ಷವಾದರೂ, ಶುದ್ಧ ಪೊಟ್ಯಾಸಿಯಂ ಕ್ಲೋರೈಡಿನ ಒಂದು ಗ್ರಾಂನಲ್ಲಿ ಸೆಕೆಂಡಿಗೆ ಸುಮಾರು 16 ಕ್ಷಯಗಳು ನಡೆಯುತ್ತವೆ. 1461 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಶಕ್ತಿಯ ಬಳಿ ಎಣಿಕೆಯ ನಕ್ಷೆಯಲ್ಲಿ ಶಿಖರ ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಈ ಶಿಖರದ ಸ್ಥಾನ ಸರಿಯುವುದರಿಂದ ದತ್ತಾಂಶವನ್ನು ಗಂಟೆಗೊಮ್ಮೆ ಪ್ರತ್ಯೇಕವಾಗಿ ಉಳಿಸಿರಿ.

ಮುಂದೆ ಹಿನ್ನೆಲೆಯನ್ನು ತಡೆಯಲು ಡಿಟೆಕ್ಟರಿನ ಸುತ್ತಲೂ ಹತ್ತು ಸೆಂಟಿಮೀಟರ್ ಸೀಸದ ಇಟ್ಟಿಗೆಗಳನ್ನು ಜೋಡಿಸಿರಿ. ಹೊಸ ಸೀಸದಲ್ಲಿ ಸುಮಾರು 22 ವರ್ಷ ಅರ್ಧಾಯುಷ್ಯದ ವಿಕಿರಣಶೀಲ ಸೀಸ-210 ಉಳಿದಿರುವುದರಿಂದ ಹಳೆಯದೇ ಉತ್ತಮ. ಸೀಸದ ಎಕ್ಸ್-ಕಿರಣಗಳನ್ನು ತಡೆಯಲು ಒಳಗೆ ತಾಮ್ರದ ತಗಡು ಬೇಕು. ಎಣಿಕೆ ನೂರಾದರೆ ಅನಿಶ್ಚಿತತೆ ಅದರ ವರ್ಗಮೂಲವಾದ ಹತ್ತು, ಅಂದರೆ ಶೇಕಡಾ ಹತ್ತು. ಆ ಶೇಕಡಾವಾರನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಕಾಲ ತಾಳ್ಮೆಯಿಂದ ಎಣಿಸಬೇಕು.

ಮ್ಯೂಯಾನ್‌ಗಳಿಗೆ ಮಾತ್ರ ಸೀಸ ಸಾಲದು, ಬಂಡೆಯೇ ಬೇಕು. ನಮ್ಮದೇ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ, ಬಂಡೆಯನ್ನೂ ಸುಲಭವಾಗಿ ದಾಟುವ ನ್ಯೂಟ್ರಿನೊ ಕಣಗಳು ಪತ್ತೆಯಾದದ್ದು ಈ ಕಾರಣದಿಂದಲೇ. ಇಟಲಿಯ ಗ್ರಾನ್ ಸಾಸೊ ಭೂಗತ ಪ್ರಯೋಗಾಲಯದಲ್ಲಿ ಸುಮಾರು 1400 ಮೀಟರ್ ಬಂಡೆಯಡಿ ನಡೆದ ಕ್ಸೆನಾನ್-1ಟಿ ಪ್ರಯೋಗವು 2019ರಲ್ಲಿ ಕ್ಸೆನಾನ್-124ರ ಕ್ಷಯವನ್ನು ನೇರವಾಗಿ ಕಂಡು, ಅದರ ಅರ್ಧಾಯುಷ್ಯವನ್ನು 1.8 × 10²² ವರ್ಷವೆಂದು ಅಳೆಯಿತು.