ರಿಟೈರ್ ಆದ್ಮೇಲೆ ಯಾವ ಊರಲ್ಲಿ ಇರೋದು, ಹೆಂಗೆ ಆರಿಸ್ಕೊಳ್ಳೋದು

ಟೂರ್ ಹೋದಾಗ ಮನಸ್ಸಿಗೆ ಹಿಡಿಸಿದ ಊರನ್ನೇ ರಿಟೈರ್‌ಮೆಂಟಿಗೆ ಅಂತ ಫಿಕ್ಸ್ ಮಾಡ್ಕೊಳ್ಳೋರು ತುಂಬಾ ಜನ ಇದಾರೆ. ನಾಲ್ಕು ದಿನ ರೂಮ್ ಮಾಡಿ ಇದ್ದು ಬರೋದೇ ಬೇರೆ, ಅಲ್ಲೇ ಇಪ್ಪತ್ತು ಇಪ್ಪತ್ತೈದು ವರ್ಷ ಬಾಳೋದೇ ಬೇರೆ. 60ರಲ್ಲಿ ಕೈಕಾಲು ಗಟ್ಟಿ ಇರುತ್ತೆ, ಯಾವ ಊರಾದ್ರೂ ನಡೆಯುತ್ತೆ. 80ಕ್ಕೆ ಅಲ್ಲಿ ಇರೋಕಾಗುತ್ತಾ ಅಂತ ನೋಡ್ಕೊಂಡು ಆರಿಸಿ.

ಮೊದಲು ಆಸ್ಪತ್ರೆ. ಪಕ್ಕದ ಬೀದೀಲಿ ಕ್ಲಿನಿಕ್ ಇದೆ ಅಂದ್ರೆ ಸಾಕಾಗಲ್ಲ. ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆದ್ರೆ ಅದನ್ನ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಬೀಳ್ಬೇಕು, ಅದೂ ಸ್ಕ್ಯಾನ್ ಮಾಡಿ ಮೆದುಳಲ್ಲಿ ರಕ್ತಸ್ರಾವ ಇಲ್ಲ ಅಂತ ಖಾತ್ರಿ ಆದ್ಮೇಲೇ ಕೊಡೋದು, ಹಂಗಾಗಿ ರಾತ್ರಿ ಎರಡು ಗಂಟೆಗೂ ಸ್ಕ್ಯಾನ್ ಮಾಡೋ ಆಸ್ಪತ್ರೆ ಎಷ್ಟು ದೂರ, ಆಂಬುಲೆನ್ಸ್ ಬರೋಕೆ ಎಷ್ಟು ಹೊತ್ತು, ಜೋರು ಮಳೆಗೋ ಹಿಮಕ್ಕೋ ರಸ್ತೆ ಬಂದ್ ಆಗುತ್ತಾ, ಇದನ್ನ ಮನೆ ತೋರಿಸೋ ಬ್ರೋಕರ್ ಹತ್ರ ಕೇಳ್ಬೇಡಿ, ಅಲ್ಲೇ ಇರೋ ವಯಸ್ಸಾದವರ ಹತ್ರ ಕೇಳಿ. ಇನ್ಶೂರೆನ್ಸ್ ಆ ಆಸ್ಪತ್ರೇಲಿ ನಡೆಯುತ್ತಾ ಅಂತಾನೂ ನೋಡ್ಕೊಳ್ಳಿ.

ಹವಾಮಾನ ನೋಡೋಕೆ ಒಳ್ಳೆ ಸೀಸನ್ನಲ್ಲಿ ಹೋಗ್ಲೇಬೇಡಿ, ಅಲ್ಲಿನವರೇ ಬೈಕೊಳ್ಳೋ ತಿಂಗಳಲ್ಲಿ ಹೋಗಿ. ವಯಸ್ಸಾದಂಗೆ ಬಾಯಾರಿಕೆ ಸರಿಯಾಗಿ ಗೊತ್ತಾಗಲ್ಲ, ಬೆವರೋದೂ ಕಮ್ಮಿ ಆಗುತ್ತೆ, ಅದಕ್ಕೆ ಈಗ ತಡ್ಕೊಳ್ಳೋ ಸೆಖೆ ಆಮೇಲೆ ಮೈಗೆ ಆಗಿಬರಲ್ಲ. ತಂಪಾಗಿರುತ್ತೆ ಅಂತ ಬೆಟ್ಟದ ಊರಿಗೆ ಹೋಗೋರು ಎತ್ತರಾನೂ ನೋಡ್ಬೇಕು, 2500 ಮೀಟರ್ ದಾಟಿದ್ರೆ ಆಮ್ಲಜನಕದ ಕೊರತೆ ಚೆನ್ನಾಗೇ ಗೊತ್ತಾಗುತ್ತೆ. ಹಾರ್ಟು, ಶ್ವಾಸಕೋಶದ ತೊಂದ್ರೆ ಇರೋರು ಡಾಕ್ಟ್ರನ್ನ ಕೇಳ್ದೆ ಮುಂದುವರೀಬೇಡಿ.

ಇನ್ನೊಂದು, ಗಂಡ ಹೆಂಡ್ತಿ ಇಬ್ರೂ ಕೂತು ಮಾತಾಡೋಕೆ ಹಿಂದೇಟು ಹಾಕೋ ವಿಷಯ. ಇಬ್ರಲ್ಲಿ ಒಬ್ರು ಮುಂಚೆ ಹೋಗ್ತಾರೆ. ಉಳಿದವರು ಆ ಊರಲ್ಲಿ ಒಬ್ರೇ ಹೆಂಗಿರ್ತಾರೆ? ಅಲ್ಲಿನ ಭಾಷೆ ಬರುತ್ತಾ, ಕಾರ್ ಓಡಿಸೋಕೆ ಬರುತ್ತಾ, ಎರಡು ದಿನ ಬಾಗಿಲು ತೆಗೀಲಿಲ್ಲ ಅಂದ್ರೆ ಬಂದು ತಟ್ಟೋರು ಯಾರಾದ್ರೂ ಇರ್ತಾರಾ? ನನ್ನ ಪ್ರಕಾರ ಸಮುದ್ರ ಕಾಣೋ ಬಾಲ್ಕನಿಗಿಂತ ಇದೇ ದೊಡ್ಡದು. ಮಕ್ಕಳು ಅಲ್ಲಿದಾರೆ ಅನ್ನೋ ಒಂದೇ ಕಾರಣಕ್ಕೆ ಹೋಗೋರೂ ಸ್ವಲ್ಪ ಯೋಚ್ನೆ ಮಾಡಿ, ನಾಳೆ ಅವ್ರಿಗೇ ಟ್ರಾನ್ಸ್‌ಫರ್ ಆದ್ರೆ ನೀವು ಅಲ್ಲಿ ಯಾಕಿರ್ಬೇಕು?

ದುಡ್ಡಿನ ಲೆಕ್ಕ ಇವತ್ತಿನ ರೇಟಲ್ಲಿ ಹಾಕ್ಬೇಡಿ. ವರ್ಷಕ್ಕೆ 6 ಪರ್ಸೆಂಟ್ ಬೆಲೆ ಏರಿದ್ರೆ 12 ವರ್ಷಕ್ಕೆ ಖರ್ಚು ಡಬಲ್. ಬೇರೆ ದೇಶ ಆದ್ರೆ ವೀಸಾ ರೂಲ್ಸ್ ಜೊತೆ ಟ್ಯಾಕ್ಸೂ ನೋಡಿ, ತುಂಬಾ ದೇಶಗಳಲ್ಲಿ ವರ್ಷಕ್ಕೆ 183 ದಿನ ಇದ್ರೆ ನಿಮ್ಮನ್ನ ಅಲ್ಲಿನ ತೆರಿಗೆ ನಿವಾಸಿ ಅಂತ ಲೆಕ್ಕ ಹಿಡೀತಾರೆ, ಅಂದ್ರೆ ನಿಮ್ಮ ಆದಾಯಕ್ಕೆ ಅಲ್ಲೂ ಟ್ಯಾಕ್ಸ್ ಕಟ್ಬೇಕಾಗ್ಬಹುದು.

ಎಲ್ಲಾ ಸರಿ ಅನ್ನಿಸಿದ್ರೂ ತಕ್ಷಣ ಮನೆ ಕೊಂಡ್ಕೋಬೇಡಿ, ಇರೋ ಮನೇನೂ ಮಾರ್ಬೇಡಿ. ಒಂದು ವರ್ಷ ಬಾಡಿಗೆಗಿದ್ದು ಎಲ್ಲಾ ಸೀಸನ್ನೂ ಅನುಭವಿಸಿ. ಅದ್ರಲ್ಲಿ ಒಂದು ವಾರ ಕಾರ್ ಕೀ ಮುಟ್ಟದೆ ಇದ್ದು ನೋಡಿ, ಔಷಧಿ, ಬ್ಯಾಂಕು, ತರಕಾರಿ ಎಲ್ಲಾ ನಡ್ಕೊಂಡೋ ಬಸ್ಸಲ್ಲೋ ಆಗ್ಬೇಕು. ಆಮೇಲೆ ಕೊಳ್ಳೋವಾಗ ಗ್ರೌಂಡ್ ಫ್ಲೋರ್ ಇಲ್ಲಾ ಲಿಫ್ಟ್ ಇರೋದು ನೋಡಿ, ಲಿಫ್ಟಿಗೆ ಜನರೇಟರ್ ಇದೆಯಾ ಕೇಳಿ, ಬಾತ್‌ರೂಮ್ ಬಾಗಿಲಲ್ಲಿ ವೀಲ್‌ಚೇರ್ ಹೋಗುತ್ತಾ ಅಂತ ಟೇಪ್ ಹಿಡಿದು ಅಳೀರಿ.