ಅಟ್ಟದ ಮೇಲಿನ ಹಂಡೆ, ನಮ್ಮನೆಯ ವಂಶವೃಕ್ಷ

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆಂದು ಮಾಡಿಸಿದ್ದ ವಂಶವೃಕ್ಷದ ನಕಲು ಕೈಗೆ ಬಂದಾಗ ಅದರಲ್ಲಿ ನಾಲ್ಕು ತಲೆಮಾರಿನ ಗಂಡಸರಿದ್ದರು. ತಮ್ಮ ಇದ್ದ, ನಾನಿರಲಿಲ್ಲ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರು ಹತ್ತನೇ ಶತಮಾನದಿಂದ ಉಳಿದಿದೆ. ನನ್ನ ಮುತ್ತಜ್ಜಿಯ ಹೆಸರು ಅಪ್ಪನಿಗೇ ಗೊತ್ತಿರಲಿಲ್ಲ.

ಹುಡುಕೋಣ ಅಂತ ಕೂತೆ. ಪಹಣಿ, ಹಳೆಯ ಕ್ರಯಪತ್ರಗಳಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಹಕ್ಕು ಖುಲಾಸೆ ಪತ್ರದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಬಂದ ರಾಜ್ಯದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರಿಗಿಲ್ಲ. 2005ರ ಕೇಂದ್ರದ ಕಾನೂನು ಅವರನ್ನೂ ಸೇರಿಸಿತು. ಆಮೇಲೆ ಜಮೀನು ಮಾರುವಾಗ ಅಕ್ಕತಂಗಿಯರ ಸಹಿ ಬೇಕಾಯಿತಲ್ಲ! ನನ್ನ ಮೂವರು ಅತ್ತೆಯರ ಪೂರ್ತಿ ಹೆಸರು, ವಯಸ್ಸು, ಇಬ್ಬರ ಸಹಿ, ಒಬ್ಬರ ಹೆಬ್ಬೆಟ್ಟು, ಎಲ್ಲ ಒಂದೇ ಹಾಳೆಯಲ್ಲಿ. ಮನೆಯ ದಾಖಲೆಗೆ ಅವರು ಮೊದಲ ಸಲ ಬಂದದ್ದು ‘ನಮಗೆ ಯಾವ ಹಕ್ಕೂ ಇಲ್ಲ’ ಎಂದು ಬರೆದುಕೊಡಲು.

ಅವರಿಗಿಂತ ಹಿಂದಿನವರಿಗೆ ಕಾಗದವೇ ಇಲ್ಲ. ‘ನಿಮ್ಮಜ್ಜಿ ಹೆಸರೇನು ದೊಡ್ಡತ್ತೆ?’ ಎಂದರೆ ‘ಕೊಪ್ಪದಮ್ಮ ಅಂತಿದ್ರು ಕಣವ್ವ’ ಅಂದರು. ಅದು ತವರೂರು, ಹೆಸರಲ್ಲ. ಹೀಗೆ ಎರಡು ವಾರ ಹೋಯಿತು. ಆಮೇಲೆ ಕೇಳುವ ರೀತಿಯನ್ನೇ ಬದಲಿಸಿದೆ: ನಿಮ್ಮವ್ವನ ಬಾಣಂತನ ಯಾರು ಮಾಡಿದ್ದು? ನಿಮ್ಮ ಮದುವೇಲಿ ಸೋಬಾನೆ ಹೇಳಿದ್ದು ಯಾರು? ಹೆಸರುಗಳು ತಾವಾಗಿಯೇ ಉದುರಿದವು, ಜೊತೆಗೆ ಯಾರು ಯಾರೊಡನೆ ಮಾತು ಬಿಟ್ಟಿದ್ದರು ಎಂಬುದೂ. (ಅದನ್ನು ಬರೆದುಕೊಳ್ಳಲಿಲ್ಲ. ಈಗ ಬರೆಯಬೇಕಿತ್ತು ಅನ್ನಿಸುತ್ತದೆ.)

ಮುತ್ತಜ್ಜಿ ಸಿಕ್ಕಿದ್ದು ಅಟ್ಟದ ಮೇಲೆ. ತವರಿನವರು ಮದುವೆಗೆ ಕೊಟ್ಟ ತಾಮ್ರದ ಹಂಡೆ, ಕಿಲುಬು ಹಿಡಿದಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಎದ್ದವು. ಅವಳದೇ ಹೆಸರು, ಗಂಡನದಲ್ಲ. ಆಸ್ತಿಯಲ್ಲಿ ಅವಳ ಹೆಸರಿದ್ದದ್ದು ಅದೊಂದಕ್ಕೇ ಇರಬೇಕು. ಅಂದಿನಿಂದ ನೆಂಟರ ಮನೆಗೆ ಹೋದಾಗಲೆಲ್ಲ ಕೊಳಗ, ಚೊಂಬುಗಳನ್ನು ತಿರುವಿ ನೋಡುವ ಚಟ ಹತ್ತಿದೆ. ಚಿಕ್ಕಮ್ಮ, ‘ಹಿತ್ತಾಳೆ ವ್ಯಾಪಾರಕ್ಕಿಳಿದ್ಯೇನೇ?’ ಅಂತ ನಗುತ್ತಾರೆ.

ಹನ್ನೊಂದು ಹೆಸರು ಸೇರಿಸಿದ್ದೇನೆ. ಮುತ್ತಜ್ಜಿಯ ಅತ್ತೆಯದು ಮಾತ್ರ ಇನ್ನೂ ಸಿಕ್ಕಿಲ್ಲ. ಅವರ ಚೌಕವನ್ನು ಅಳಿಸದೆ ಖಾಲಿ ಬಿಟ್ಟಿದ್ದೇನೆ. ಅವರದೊಂದು ಕಂಚಿನ ಗಂಗಳ ಬೇರೆಯಾದ ದಾಯಾದಿಗಳ ಮನೆಯಲ್ಲಿದೆಯಂತೆ. ಆ ಮನೆಗೂ ನಮಗೂ ಮಾತಿಲ್ಲ. ಬರುವ ಮಾರಿಹಬ್ಬಕ್ಕೆ ನಾನೇ ಹೋಗುತ್ತೇನೆ.