ಶನಿವಾರದ ಖಾಲಿ ಕೋರ್ಟಿನಲ್ಲಿ ಸ್ಕ್ವಾಷ್ ಕಲಿಸಿದ್ದು: ನನ್ನ ಅನುಭವ

ಬೆಂಗಳೂರಿನ ನಮ್ಮ ಕ್ಲಬ್ಬಿನಲ್ಲಿ ಶನಿವಾರ ಮಧ್ಯಾಹ್ನ ಸ್ಕ್ವಾಷ್ ಕೋರ್ಟು ಖಾಲಿ ಬಿದ್ದಿರುತ್ತದೆ. ಪಕ್ಕದ ಸರ್ಕಾರಿ ಶಾಲೆ ಅವತ್ತು ಅರ್ಧ ದಿನಕ್ಕೇ ಬಿಡುತ್ತದೆ. ಎರಡನ್ನೂ ಜೋಡಿಸಿ ಆ ಮಕ್ಕಳಿಗೆ ಸ್ಕ್ವಾಷ್ ಕಲಿಸುತ್ತೇನೆ ಅಂದಾಗ "ನಾಲ್ಕು ವಾರ ನಡೆದರೆ ಹೆಚ್ಚು ಬಿಡಿ ಸಾರ್" ಅಂದವರೇ ಜಾಸ್ತಿ. ಈಗ ನಾಲ್ಕನೇ ವರ್ಷ. ನಮ್ಮ ಹುಡುಗಿಯೊಬ್ಬಳು ರಾಜ್ಯ ಮಟ್ಟದ ಅಂಡರ್-15ರಲ್ಲಿ ಸೆಮಿಫೈನಲ್ ಆಡಿದ್ದಾಳೆ.

ಕಷ್ಟ ಇದ್ದಿದ್ದು ದುಡ್ಡಿನದು. ಮೊದಲು ಪ್ರಾಯೋಜಕರ ಹಿಂದೆ ಸುತ್ತಿದೆ. ಒಂದು ಕಂಪನಿ ಬ್ಯಾನರ್ ಕಟ್ಟಿಸಿಕೊಂಡಿತು, ಹಣ ಬರಲೇ ಇಲ್ಲ. ಸುಮಾರು 40 ಸಾವಿರ ನನ್ನ ಕೈಯಿಂದ ಹೋಯಿತು. ನಾನು ರಾಜ್ಯ ಚಾಂಪಿಯನ್ ಆಗಿದ್ದಾಗಿನ ಬಹುಮಾನವೆಲ್ಲ ಸೇರಿಸಿದರೂ ಅಷ್ಟಾಗುವುದಿಲ್ಲ.

ಆಮೇಲೆ ಕ್ಲಬ್ಬಿನ ಹಿರಿಯರಿಗೇ ಟೂರ್ನಿ ಇಟ್ಟೆ. ನಾಕೌಟ್ ಅಲ್ಲ, ಮಾನ್ರಾಡ್ ಡ್ರಾ, ಅಂದರೆ ಸೋತವರು ಹೊರಹೋಗದೆ ಸೋತವರ ಜೊತೆ ಮುಂದಿನ ಸುತ್ತು ಆಡುವ ಪದ್ಧತಿ. ಮೊದಲ ಸುತ್ತಲ್ಲೇ ಸೋತು ಮನೆಗೆ ಹೋಗುವುದಾದರೆ ಯಾರೂ 800 ರೂಪಾಯಿ ಕೊಡುವುದಿಲ್ಲ. ಎಷ್ಟು ಸೋತರೂ ಆಟ ಗ್ಯಾರಂಟಿ ಅಂದರೆ ಕೊಡುತ್ತಾರೆ. ಜೊತೆಗೆ ಹ್ಯಾಂಡಿಕ್ಯಾಪ್. ಗಟ್ಟಿ ಆಟಗಾರರು ಮೈನಸ್‌ನಿಂದ ಶುರು ಮಾಡಬೇಕು. ಯಾರಿಗೆ ಎಷ್ಟು ಅನ್ನುವ ಲೆಕ್ಕ ಮಾತ್ರ ಹೇಳುವುದಿಲ್ಲ, ಟೂರ್ನಿಯ ಜೀವ ಇರುವುದೇ ಅದರಲ್ಲಿ. ಮೂವತ್ತು ಚಿಲ್ಲರೆ ಜನ ಬಂದರೆ ಖರ್ಚು ಕಳೆದು 15 ಸಾವಿರ ಉಳಿಯುತ್ತದೆ. ಗಂಟೆಗೆ 300ರ ಹಾಗೆ ಆರು ತಿಂಗಳ ಶನಿವಾರಗಳ ಕೋರ್ಟ್ ಬಾಡಿಗೆ ಅಲ್ಲಿಗೆ ಮುಗಿಯಿತು.

ಆ ಟೂರ್ನಿಗೆ ಮಾರ್ಕಿಂಗ್ (ಅಂಕ ಕೂಗಿ ತೀರ್ಪು ಕೊಡುವುದು) ಮಾಡುವವರು ನಮ್ಮ ಹುಡುಗರೇ. ಎದುರಾಳಿ ಅಡ್ಡ ಬಂದಾಗ ಲೆಟ್ (ಆ ಪಾಯಿಂಟ್ ಮತ್ತೆ ಆಡುವುದು), ಸ್ಟ್ರೋಕ್ (ಹೊಡೆಯಲಾಗದವರಿಗೇ ಪಾಯಿಂಟ್) ಕೊಟ್ಟು ಕೊಟ್ಟು ನಿಯಮ ಬಾಯಿಗೆ ಬಂದಿದೆ. ದೊಡ್ಡ ಹುದ್ದೆಯವರ ಮುಖ ನೋಡಿ 13 ವರ್ಷದ ಹುಡುಗಿ "ನೋ ಲೆಟ್" ಅಂದು ಮತ್ತೆ ಆಡುವ ಬೇಡಿಕೆ ತಳ್ಳಿಹಾಕುವುದನ್ನು ನೀವು ನೋಡಬೇಕು. ಅದನ್ನು ಯಾವ ಕೋಚಿಂಗೂ ಕಲಿಸುವುದಿಲ್ಲ.

ಹೊಸಬರಿಗೆ ಡಬಲ್ ಎಲ್ಲೋ ಡಾಟ್ (ಎರಡು ಹಳದಿ ಚುಕ್ಕಿಯ, ಕಡಿಮೆ ಪುಟಿಯುವ ಬಾಲು) ಕೊಡಲೇಬೇಡಿ. ಬಾಲು ಬಿಸಿಯಾಗುವಷ್ಟು ಹೊಡೆಯಲು ಅವರಿಗೆ ಬರುವುದಿಲ್ಲ, ತಣ್ಣಗಿದ್ದರೆ ಅದು ಪುಟಿಯುವುದಿಲ್ಲ. ಕ್ಲಬ್ಬಿನವರು ಕೊಟ್ಟ ಅಂಥ ಹಳೇ ಬಾಲುಗಳಲ್ಲೇ ಆಡಿಸಿದ್ದರಿಂದ ಮೊದಲ ಬ್ಯಾಚಿನ ಅರ್ಧ ಮಕ್ಕಳು ಬಿಟ್ಟುಹೋದರು. ಜಾಸ್ತಿ ಪುಟಿಯುವ ನೀಲಿ ಡಾಟ್‌ನಿಂದ ಶುರು ಮಾಡಿ, ಆಮೇಲೆ ಕೆಂಪು.

ಶಾಲೆಯ ಗೋಡೆಗೆ 48 ಸೆಂಟಿಮೀಟರ್ ಎತ್ತರದಲ್ಲಿ ಟಿನ್ ಗೆರೆ (ಇದರ ಕೆಳಗೆ ಬಾಲು ತಗುಲಿದರೆ ಔಟ್) ಬಳಿದು ಟೆನಿಸ್ ಬಾಲಲ್ಲೂ ಆಡಿಸಿದೆ. ಸಿಕ್ಕಾಪಟ್ಟೆ ಪುಟಿಯಿತು. ಸೂಜಿಯಲ್ಲಿ ತೂತು ಮಾಡಿ ಗಾಳಿ ಬಿಟ್ಟ ಮೇಲೆ ಹದಕ್ಕೆ ಬಂತು. ಕೋರ್ಟ್ ಸಿಗದ ವಾರ ಈಗಲೂ ಅದೇ.

ಕೊಡಗು ಮೂಲದ ಜೋಷ್ನಾ ಚಿನ್ನಪ್ಪ, ದೀಪಿಕಾ ಪಳ್ಳಿಕಲ್ ಜೋಡಿ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಡಬಲ್ಸ್ ಚಿನ್ನ ಗೆದ್ದಿದ್ದು ನಮ್ಮ ಮಕ್ಕಳಿಗೆಲ್ಲ ಗೊತ್ತು. 2028ಕ್ಕೆ ಸ್ಕ್ವಾಷ್ ಒಲಿಂಪಿಕ್ಸ್‌ಗೂ ಬರುತ್ತಿದೆ. ನಿಮ್ಮೂರಲ್ಲಿ ಶುರು ಮಾಡುವುದಾದರೆ ಹಳೇ ರಾಕೆಟ್ ಯಾರು ಕೊಟ್ಟರೂ ತಗೊಳ್ಳಿ. ಕಣ್ಣಿನ ಗಾರ್ಡ್ ಮಾತ್ರ ಹೊಸದನ್ನೇ ಕೊಳ್ಳಿ, ಅದಿಲ್ಲದೆ ಮಕ್ಕಳನ್ನು ಕೋರ್ಟಿನೊಳಗೆ ಬಿಡಬೇಡಿ.